ಲೆಕ್ಕ ನಮ್ಮದು, ಬೀಗದ ಕೈ ಯಾರದು?



ಅಡಿಕೆಯ ಧಾರಣೆ, ಕೊಳೆರೋಗದ ಮದ್ದು, ಕಾಫಿಯ ಕಾಯಿಕೊರಕ ಇವನ್ನು ಕುರಿತು ಬರೆಯಬೇಕಾದ ಈ ಪುಟದಲ್ಲಿ ಈ ಸಲ ಒಂದು ಕಂಪ್ಯೂಟರಿನ ಸಂಗತಿಯನ್ನು ಬರೆಯುತ್ತಿದ್ದೇವೆ. ಇದು ಕಚೇರಿಯವರ ತಲೆನೋವು, ನಮಗೇನು ಎಂದು ಪುಟ ತಿರುವಬಾರದೆಂದು ವಿನಂತಿ. ಇದರಲ್ಲಿ ನಮ್ಮೆಲ್ಲರ ಸಾಲ, ಷೇರು, ಠೇವಣಿಗಳ ಪ್ರಶ್ನೆ ಅಡಗಿದೆ.

ನಮ್ಮ ಸಂಘದಲ್ಲಿ ಸದಸ್ಯರ ಖಾತೆಗಳನ್ನು 1997ರಿಂದ ಒಂದೇ ಪ್ರೋಗ್ರಾಮಿನಲ್ಲಿ ಇಟ್ಟುಕೊಂಡು ಬಂದಿದ್ದೇವೆ. ಡಾಸ್ ಕಾಲದ ಫಾಕ್ಸ್‌ಪ್ರೊ ಎಂಬುದರಲ್ಲಿ ಬರೆದದ್ದು. ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರ, ಕರಕರ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಕಂಪ್ಯೂಟರು ಮೂರು ಸಲ ಬದಲಾದರೂ ಪ್ರೋಗ್ರಾಮು ಬದಲಾಗಲಿಲ್ಲ. ಸರಿಯಾಗಿ ನಡೆಯುವ ಗಾಣವನ್ನು ಏಕೆ ಬಿಚ್ಚಬೇಕು ಎಂಬುದು ಆಡಳಿತ ಮಂಡಳಿಯ ಧೋರಣೆಯಾಗಿತ್ತು. ಆ ಧೋರಣೆಗೆ ಕೈಯೆತ್ತಿದವರಲ್ಲಿ ನಾವೂ ಇದ್ದೆವು.

2025ರ ಮಳೆಗಾಲದಲ್ಲಿ ಒಂದು ಸಂಜೆ ಸಿಡಿಲು ಬಡಿದು ಹಳೆಯ ಯಂತ್ರ ಸುಟ್ಟಿತು. ಹಾರ್ಡ್ ಡಿಸ್ಕು ಉಳಿದದ್ದು ಪುಣ್ಯ. ಗುಮಾಸ್ತರು ತಿಂಗಳಿಗೊಮ್ಮೆ ಪೆನ್ ಡ್ರೈವಿನಲ್ಲಿ ಪ್ರತಿ ತೆಗೆದಿಟ್ಟಿದ್ದರು, ಅದೂ ಪುಣ್ಯ. ಹೊಸ ಯಂತ್ರ ತಂದೆವು. ಅದರಲ್ಲಿ ವಿಂಡೋಸ್ 11. ಹಳೆಯ ಪ್ರೋಗ್ರಾಮನ್ನು ಅದಕ್ಕೆ ಹಾಕಿ ಗುಂಡಿಯೊತ್ತಿದರೆ, ಇದು ಈ ಯಂತ್ರದಲ್ಲಿ ನಡೆಯದು ಎಂಬ ಒಂದು ಸಾಲಿನ ಉತ್ತರ ಬಂತು. ಕಾರ್ಯದರ್ಶಿಗಳು ಹಳೆಯ ಆವೃತ್ತಿಗೆ ಹೊಂದಿಸಿ ನಡೆಸುವ ಏರ್ಪಾಡನ್ನೂ ಪ್ರಯತ್ನಿಸಿದರು. ಅದೇ ಉತ್ತರ.

ಅದೇ ವಾರ ಸದಸ್ಯರೊಬ್ಬರ ಪತ್ನಿ ಸಂಘಕ್ಕೆ ಬಂದರು. ಪತಿ ತೀರಿಕೊಂಡು ಆರು ತಿಂಗಳು. ಇರುವುದು ಒಂದೂವರೆ ಎಕರೆ ಅಡಿಕೆ, ಅಂಚಿನಲ್ಲಿ ಸ್ವಲ್ಪ ಕಾಫಿ. ಮಗನ ಹೆಸರಿಗೆ ಬೆಳೆಸಾಲ ಮಾಡಿಸಲು ಹೋದರೆ, ಪಹಣಿಯ 11ನೆಯ ಕಲಮಿನಲ್ಲಿ ನಮ್ಮ ಸಂಘದ ಹಳೆಯ ಸಾಲದ ಋಣ ಹಾಗೆಯೇ ನಿಂತಿದೆ. ಸಾಲ 2003ರದು. "2004ರಲ್ಲೇ ಅವರು ತೀರಿಸಿದ್ದಾರೆ, ರಶೀತಿ ಎಲ್ಲಿಟ್ಟರೋ ಗೊತ್ತಿಲ್ಲ. ನಿಮ್ಮ ಪುಸ್ತಕದಲ್ಲಿ ನೋಡಿ ಒಂದು ಕಾಗದ ಕೊಡಿ" ಎಂದರು ಆ ತಾಯಿ.

ನಮ್ಮ ಪುಸ್ತಕದಲ್ಲಿ ಏನಿದೆ? ಕಂಪ್ಯೂಟರು ಬಂದಿತೆಂಬ ಉತ್ಸಾಹದಲ್ಲಿ 1999ರಿಂದ ಕೈಬರಹದ ಖಾತಾವಹಿಯನ್ನೇ ನಿಲ್ಲಿಸಿದ್ದೆವು. ಆ ಕಾಲದ ಉದ್ದ ಕಾಗದದ ಮುದ್ರಿತ ಪ್ರತಿಗಳು ಅರ್ಧ ಗೆದ್ದಲಿಗೆ, ಅರ್ಧ ಮಳೆಗಾಲದ ತೇವಕ್ಕೆ ಆಹುತಿಯಾಗಿದ್ದವು. ಲೆಕ್ಕಪರಿಶೋಧಕರು ಒತ್ತಾಯಿಸಿದ ಮೇಲೆ 2010ರಿಂದೀಚೆಗೆ ವರ್ಷಕ್ಕೊಮ್ಮೆ ಮುದ್ರಿಸಿ ರಟ್ಟು ಕಟ್ಟಿಸುತ್ತಿದ್ದೇವೆ. ನಡುವಣ ಹನ್ನೊಂದು ವರ್ಷ ಕಂಪ್ಯೂಟರಿನೊಳಗೆ ಮಾತ್ರ. ಲೆಕ್ಕ ಇತ್ತು, ಓದುವ ದಾರಿ ಇರಲಿಲ್ಲ. "ಮುಂದಿನ ವಾರ ಬನ್ನಿ ಅಮ್ಮ" ಎಂದು ಹೇಳಿ ಕಳುಹಿಸುವಾಗ ನಮಗೆ ತಲೆಯೆತ್ತಲಾಗಲಿಲ್ಲ.

ಹಳೆಯ ಪ್ರೋಗ್ರಾಮು ಹೊಸ ಯಂತ್ರದಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ತಿಳಿದವರಿಂದ ಕೇಳಿಕೊಂಡೆವು. ಸಂಗತಿ ಸರಳ. ಡಾಸ್ ಕಾಲದ ಪ್ರೋಗ್ರಾಮುಗಳನ್ನು 16 ಬಿಟ್ಟಿನ ಯಂತ್ರಗಳಿಗೆಂದು ಬರೆಯುತ್ತಿದ್ದರು. ಆಮೇಲೆ ಬಂದ 32 ಬಿಟ್ಟಿನ ವಿಂಡೋಸುಗಳು ಇವನ್ನೂ ಹೇಗೋ ಸಂಭಾಳಿಸಿಕೊಂಡು ಹೋದವು. 64 ಬಿಟ್ಟಿನ ವಿಂಡೋಸಿನಲ್ಲಿ ಆ ಸೌಕರ್ಯವನ್ನು ಕೈಬಿಟ್ಟರು. 2021ರಲ್ಲಿ ಬಂದ ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ. ಫಾಕ್ಸ್‌ಪ್ರೊ ಕೂಡ ಅನಾಥ. ಅದರ ಸಂತತಿಯ ಕೊನೆಯ ಆವೃತ್ತಿಯ ನಂತರ ಇನ್ನೊಂದನ್ನು ತರುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿ 2007ರಲ್ಲೇ ಹೇಳಿತ್ತು. ಆ ಆವೃತ್ತಿಗೂ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಇದೆಲ್ಲ ಗುಟ್ಟಾಗಿ ನಡೆದದ್ದಲ್ಲ, ಬಹಿರಂಗವಾಗಿಯೇ ಹೇಳಿದ್ದು. ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ.

ಪೇಟೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಹಳೆಯ ಯಂತ್ರವನ್ನೇ ಗುಜರಿಯಿಂದ ಹುಡುಕಿ ತನ್ನಿ ಎಂದರು ಒಬ್ಬರು. ಹೊಸ ಯಂತ್ರದಲ್ಲಿ ವಿಂಡೋಸ್ 11 ತೆಗೆದು ಹಳೆಯ ಎಕ್ಸ್‌ಪಿ ಹಾಕಿಕೊಡುತ್ತೇನೆ, ಪರವಾನಗಿಯ ಚಿಂತೆ ನಿಮಗೆ ಬೇಡ ಎಂದರು ಇನ್ನೊಬ್ಬರು. ಆ ಹಳೆಯ ಲೆಕ್ಕ ಯಾರಿಗೆ ಬೇಕು, ಇಂದಿನಿಂದ ಹೊಸತಾಗಿ ಶುರು ಮಾಡಿ ಎಂದರು ಮತ್ತೊಬ್ಬರು. ಮೂರನೆಯವರಿಗೆ ಉತ್ತರವಾಗಿ ಆ ತಾಯಿಯ ಮುಖ ನಮ್ಮ ಕಣ್ಣೆದುರಿಗಿತ್ತು. ಮೊದಲನೆಯವರ ದಾರಿ ಒಂದೆರಡು ವರ್ಷ ನಡೆದೀತು, ಆಮೇಲೆ ಪುನಃ ಅದೇ ಗೋಳು. ಎರಡನೆಯ ಸಲಹೆಯನ್ನು ಮಾತ್ರ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಬಹಳ ಕಡೆ ನಡೆಯುತ್ತಿರುವುದು ಅದೇ.

ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದದ್ದು. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ರದು 2020ರ ಜನವರಿ 14ಕ್ಕೆ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ. ಬೆಂಬಲ ಮುಗಿಯಿತೆಂದರೆ ಯಂತ್ರ ನಿಂತಿತೆಂದಲ್ಲ. ಬೇಲಿಯಲ್ಲಿ ಹೊಸ ತೂತು ಬಿದ್ದರೆ ಇನ್ನು ಮುಂದೆ ಮುಚ್ಚುವವರಿಲ್ಲ ಎಂದರ್ಥ. ವಿಂಡೋಸ್ 10ಕ್ಕೆ ಕೆಲವು ಷರತ್ತುಗಳ ಮೇಲೆ ಇನ್ನಷ್ಟು ಕಾಲ ರಕ್ಷಣೆ ಪಡೆಯಲು ಅವಕಾಶ ಕೊಟ್ಟಿದ್ದಾರೆ, ಅದು ವಾಯಿದೆ ಮಾತ್ರ. ಅದೂ ಅಲ್ಲದೆ ಇಂದಿನ ಯಂತ್ರದ ಬಿಡಿಭಾಗಗಳಿಗೆ ಬೇಕಾದ ಡ್ರೈವರುಗಳನ್ನು ಎಕ್ಸ್‌ಪಿಗಾಗಿ ಯಾರೂ ಬರೆಯುತ್ತಿಲ್ಲ. ಹಾಕಿದರೂ ಅದು ಕುಂಟುತ್ತದೆ.

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಹರಡಿದ್ದು ಕೆಲವರಿಗೆ ನೆನಪಿರಬಹುದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಬಿಡಿಸಲು 300 ಡಾಲರು ಕೊಡಿ ಎಂಬ ಬೇಡಿಕೆ. ಕಾಫಿ ಬೆಳೆಯುವ ವಯನಾಡಿನ ತರಿಯೋಡು ಗ್ರಾಮ ಪಂಚಾಯತಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಆ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಹೊರಡಿಸಿತ್ತು. ಬೆಂಬಲವಿದ್ದ ಯಂತ್ರಗಳಿಗೆ ಅದು ಸಿಕ್ಕಿತ್ತು, ಹಾಕಿಕೊಂಡವರು ಬದುಕಿದರು. ಎಕ್ಸ್‌ಪಿಯವರಿಗೆ ತೇಪೆ ಎಲ್ಲರಿಗೂ ಸಿಕ್ಕಿದ್ದು ಅನಾಹುತವಾದ ಮೇಲೆ. ಇಂಥ ಬೇಡಿಕೆ ನಮ್ಮ ಸಂಘದ ತೆರೆಯ ಮೇಲೆ ಬಂದರೆ ಕೊಡುವ ಹಣ ಯಾರದು? ಸದಸ್ಯರದೇ ಅಲ್ಲವೇ?

ಹೀಗಿರುವಾಗ ಆ ಪ್ರೋಗ್ರಾಮನ್ನು ಬರೆದವರನ್ನೇ ಹುಡುಕುವುದು ಸರಿ ಎನಿಸಿತು. 1997ರಲ್ಲಿ ಅವರು ಶಿವಮೊಗ್ಗದಲ್ಲಿ ಕಂಪ್ಯೂಟರು ಕಲಿಸುತ್ತಿದ್ದ ಬಳ್ಳಾರಿಯ ತರುಣ. ಈಗ ಊರಿಗೆ ಮರಳಿ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತಾರೆಂದು ತಿಳಿಯಿತು. ದೀಪಾವಳಿ ಕಳೆದ ಮೇಲೆ ಕಾರ್ಯದರ್ಶಿಗಳೂ ನಾವೂ ಪೆನ್ ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ಮಲೆನಾಡಿನ ಹಸಿರು ಹಿಂದೆ ಬಿದ್ದು ಎರೆನೆಲ, ಹತ್ತಿ, ಬಂಡೆಗುಡ್ಡಗಳು ಬಂದವು. ಬಳ್ಳಾರಿಯ ಕೋಟೆಗುಡ್ಡ ಕಣ್ಣಿಗೆ ಬೀಳುವಾಗ ಮಧ್ಯಾಹ್ನ ಮೀರಿತ್ತು.

"ಬರ್ರಿ ಸಾರ್, ಕುಂದರ್ರಿ. ಮೊದಲು ಒಗ್ಗರಣಿ ಮಿರ್ಚಿ ತಿನ್ನೋಣ, ಆಮೇಲೆ ಕಂಪ್ಯೂಟರು" ಎಂದು ಕೂರಿಸಿದರು. ನಮ್ಮ ಕಥೆ ಕೇಳಿ ನಕ್ಕರು. "ಇಪ್ಪತ್ತೆಂಟು ವರ್ಷ ನಡೀತಂದ್ರೆ ನನಗೇ ನಂಬಾಕ ಆಗವಲ್ದು. ಆದ್ರ ನೀವು ಪ್ರೋಗ್ರಾಮು ಪ್ರೋಗ್ರಾಮು ಅಂತ ಯಾಕ ಅದರ ಬೆನ್ನು ಹತ್ತೀರಿ? ನಿಮಗ ಬೇಕಾಗಿರೋದು ಲೆಕ್ಕ. ಅದು ಬೇರೆ, ಇದು ಬೇರೆ" ಎಂದರು. ತಮ್ಮ ಲ್ಯಾಪ್‌ಟಾಪಿಗೆ ಪೆನ್ ಡ್ರೈವು ಸಿಕ್ಕಿಸಿ, ಡಿಬಿಎಫ್ ಎಂಬ ಕೊನೆಯಿರುವ ಕಡತವೊಂದನ್ನು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರು. ಹನ್ನೊಂದು ವರ್ಷಗಳ ಖಾತೆಗಳು ಸಾಲುಸಾಲಾಗಿ, ಇಂದಿನ ಲೆಕ್ಕದ ಹಾಳೆಯಂತೆ, ಕಣ್ಣೆದುರು ನಿಂತವು. ಹಳೆಯ ಪ್ರೋಗ್ರಾಮು ನಡೆಯಲೇ ಇಲ್ಲ, ಆದರೆ ಲೆಕ್ಕ ಸಿಕ್ಕಿತು. ಕಾಲು ಗಂಟೆಯೂ ಹಿಡಿಯಲಿಲ್ಲ. ಇಷ್ಟಕ್ಕಾಗಿ ನಾವು ವಾರಗಟ್ಟಲೆ ಗುಜರಿ ಅಂಗಡಿಗಳನ್ನು ಸುತ್ತಿದ್ದೆವು!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಲಮುಗಳ ತಲೆಬರಹವೆಲ್ಲ ಮೊಟಕು ಅಕ್ಷರಗಳು. ಸರಕಿನ ಕಲಮಿನಲ್ಲಿ 1, 2, 3, 4. ಅದು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕಾರ್ಯದರ್ಶಿಗಳು ನೆನಪಿನಿಂದ ಹೇಳಿದರು. 11 ಎಂದರೆ ಅರೇಬಿಕಾ ಪಾರ್ಚ್‌ಮೆಂಟ್, 12 ಎಂದರೆ ರೋಬಸ್ಟಾ ಚೆರ್ರಿ. ಸಾಲದ ಕಡತದಲ್ಲಿ ಆ ತಾಯಿಯ ಪತಿಯ ಹೆಸರಿನ ಮುಂದೆ, ಕೊನೆಯ ಕಲಮಿನಲ್ಲಿ, 9 ಎಂದಿತ್ತು. ಒಂಬತ್ತು ಕಂತು ಬಾಕಿ ಇರಬೇಕು ಎಂದರು ಕಾರ್ಯದರ್ಶಿಗಳು. ನಮಗೂ ಹಾಗೆಯೇ ಅನಿಸಿತು, ಎದೆ ಭಾರವಾಯಿತು. ಆ ಗೃಹಸ್ಥರು ಒಳಗೆ ಹೋಗಿ ಟ್ರಂಕಿನಿಂದ ಒಂದು ನೋಟ್‌ಬುಕ್ಕು ತಂದರು. 1997ರ ಅವರದೇ ಕೈಬರಹ. ಅದರಲ್ಲಿ ಬರೆದಿತ್ತು: 1 ಚಾಲ್ತಿ, 2 ಸುಸ್ತಿ, 3 ದಾವೆ, 9 ಚುಕ್ತಾ.

ಬಾಂಧವರೇ, ಆ ನೋಟ್‌ಬುಕ್ಕು ಇಲ್ಲದಿದ್ದರೆ ಏನಾಗುತ್ತಿತ್ತು? ತೀರಿಸಿದ ಸಾಲವನ್ನು ಬಾಕಿಯೆಂದು ಓದಿ, ಇಪ್ಪತ್ತೊಂದು ವರ್ಷದ ಬಡ್ಡಿ ಸೇರಿಸಿ, ಒಬ್ಬ ವಿಧವೆಗೆ ನೋಟೀಸು ಕೊಡುತ್ತಿದ್ದೆವು. ಕಂಪ್ಯೂಟರು ಹೇಳಿತು ಎಂದರೆ ಎದುರಾಡುವವರು ಯಾರು? ಲೆಕ್ಕ ಸಿಕ್ಕರೆ ಸಾಲದು, ಅದರ ಅರ್ಥವೂ ಸಿಕ್ಕಬೇಕು. ಆ ಅರ್ಥ ನಮ್ಮ ಸಂಘದ ಕಪಾಟಿನಲ್ಲಿ ಇರಲಿಲ್ಲ. ನೂರಾರು ಮೈಲಿ ದೂರದ ಬಳ್ಳಾರಿಯಲ್ಲಿ, ಒಬ್ಬರ ಮನೆಯ ಟ್ರಂಕಿನಲ್ಲಿ ಇತ್ತು.

ಅದೇ ಪ್ರೋಗ್ರಾಮನ್ನು ಸ್ವಲ್ಪ ತಿದ್ದಿ ಸಿರುಗುಪ್ಪದ ಕಡೆಯ ಒಂದು ಭತ್ತದ ಬೆಳೆಗಾರರ ಸಂಘಕ್ಕೂ ಕೊಟ್ಟಿದ್ದೇನೆ, ಅವರು ಈಗಲೂ ನಡೆಸುತ್ತಿದ್ದಾರೆ, ನೋಡಿಕೊಂಡು ಹೋಗಿ ಎಂದು ಅವರೇ ಸೂಚಿಸಿದರು. ಮರುದಿನ ತೆಕ್ಕಲಕೋಟೆಯ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಹೋದೆವು. ಅಲ್ಲಿ ಹೊಸ ಯಂತ್ರದೊಳಗೆ ಡಾಸ್‌ಬಾಕ್ಸ್ ಎಂಬುದನ್ನು ಹಾಕಿದ್ದರು. ಇದು ಹಳೆಯ ಆಟಗಳನ್ನು ಆಡುವವರಿಗಾಗಿ ಹುಟ್ಟಿದ ಉಚಿತ ತಂತ್ರಾಂಶ. ಹೊಸ ಯಂತ್ರದೊಳಗೆ ಡಾಸ್ ಕಾಲದ ಒಂದು ಪುಟ್ಟ ಯಂತ್ರವನ್ನು ಕಟ್ಟಿಕೊಡುತ್ತದೆ. ಅದರೊಳಗೆ ನಮ್ಮ ಅದೇ ಕಪ್ಪು ತೆರೆ, ಅದೇ ಬಿಳಿ ಅಕ್ಷರ! ಕಾರ್ಯದರ್ಶಿಗಳಿಗೆ ತವರು ಕಂಡಷ್ಟು ಸಂತೋಷ. ಮುದ್ರಣಕ್ಕೆ ಮಾತ್ರ ಕೊಂಚ ಹೊಂದಾಣಿಕೆ ಬೇಕಾಯಿತಂತೆ. ಆ ಯಂತ್ರಕ್ಕೆ ಇಂಟರ್‌ನೆಟ್ಟಿನ ತಂತಿಯನ್ನೇ ಕೊಟ್ಟಿರಲಿಲ್ಲ. ಪತ್ರ ವ್ಯವಹಾರಕ್ಕೆ ಬೇರೆ ಯಂತ್ರ.

ಹಾಗಾದರೆ ನಮಗೂ ಇದೇ ಸಾಕಲ್ಲ ಎಂದೆವು. ಅಲ್ಲಿನ ಹಿರಿಯ ನಿರ್ದೇಶಕರೊಬ್ಬರು ತಲೆಯಾಡಿಸಿದರು. "ಇದು ಸ್ಟಾಪ್‌ಲಾಗ್ ಐತ್ರಿ, ಗೇಟು ಅಲ್ಲ" ಎಂದರು.

ಆ ಮಾತಿನ ತೂಕ ತಿಳಿಯಬೇಕಾದರೆ ಆ ಸೀಮೆಯ ಸ್ಥಿತಿ ತಿಳಿದಿರಬೇಕು. ಸಿರುಗುಪ್ಪದ ಭತ್ತವೆಲ್ಲ ತುಂಗಭದ್ರೆಯ ನೀರಿನದು. 2024ರ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿಯ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ, ವಾರದೊಳಗೆ, ಉಕ್ಕಿನ ಸ್ಟಾಪ್‌ಲಾಗ್ ಭಾಗಗಳನ್ನು ಒಂದರ ಮೇಲೊಂದು ಇಳಿಸಿ ತಜ್ಞರು ನೀರು ತಡೆದರು. ಆ ವರ್ಷದ ಬೆಳೆ ಉಳಿಯಿತು. ಆದರೆ ಅದು ತಾತ್ಕಾಲಿಕ. ಸುಮಾರು ಎಪ್ಪತ್ತು ವರ್ಷದ ಹಳೆಯ ಗೇಟುಗಳನ್ನೆಲ್ಲ ಬದಲಿಸುವ ಸಲುವಾಗಿ 2025ರ ಕೊನೆಯಲ್ಲಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂಬ ತೀರ್ಮಾನವಾಯಿತು. ಒಂದು ಬೆಳೆಯನ್ನೇ ಬಿಟ್ಟುಕೊಟ್ಟು ಗೇಟು ಮಾಡಿಸಿಕೊಳ್ಳುವ ಕಷ್ಟ ಎಂಥದೆಂದು ಆ ರೈತರಿಗೆ ಗೊತ್ತು. ಡಾಸ್‌ಬಾಕ್ಸು ನಮಗೆ ಕಾಲಾವಕಾಶ ಕೊಡುತ್ತದೆ, ಆ ಕಾಲದಲ್ಲಿ ಗೇಟು ಬದಲಿಸಬೇಕು, ಮಲಗಬಾರದು ಎಂಬುದು ಹಿರಿಯರ ಮಾತಿನ ಅರ್ಥ. ಅವರ ಸಂಘದಲ್ಲಿ ಹಳೆಯ ಲೆಕ್ಕವನ್ನೆಲ್ಲ ಹೊಸ ಪುಸ್ತಕಕ್ಕೆ ಎತ್ತುವ ಕೆಲಸ ನಡೆದೇ ಇತ್ತು.

ಹಿಂದಿರುಗುವಾಗ ಕುರುಗೋಡಿನಲ್ಲಿ ಇಳಿದೆವು. ದೊಡ್ಡಬಸವೇಶ್ವರನ ದರ್ಶನ ಮಾಡಿ, ಅಲ್ಲಿನ ಒಂದು ಸಂಘಕ್ಕೆ ಹೋದೆವು. ಮೆಣಸಿನಕಾಯಿ, ಹತ್ತಿ ಬೆಳೆಯುವವರ ಸಂಘ. ಅಲ್ಲಿನ ಕಷ್ಟ ಇನ್ನೊಂದು ಬಗೆಯದು. ಸಭೆಗಳ ನಡವಳಿ, ಠರಾವುಗಳನ್ನೆಲ್ಲ ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿಟ್ಟಿದ್ದರು. ಹೊಸ ಯಂತ್ರದಲ್ಲಿ ಆ ಅಕ್ಷರಗಳಿಲ್ಲ. ತೆರೆದರೆ ಕನ್ನಡವೇ ಕಾಣುವುದಿಲ್ಲ. ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಕಡತ ಕೆಟ್ಟಿದೆಯೆಂದು ತಿಳಿದು ಕೆಲವನ್ನು ಅಳಿಸಿಯೂ ಬಿಟ್ಟಿದ್ದರಂತೆ.

ಕಡತ ಕೆಟ್ಟಿರಲಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಕಿನ್ನಿಕಂಬಳದ ನಾಡೋಜ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲೇ ಇಂದು ಸಾವಿರಾರು ಜನ ಕನ್ನಡ ಟೈಪು ಮಾಡುತ್ತಾರೆ. ಆದರೆ ಆಗಿನ ಪದ್ಧತಿಯಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಕುರುಗೋಡಿನವರು ಪರಿವರ್ತಕ ತಂತ್ರಾಂಶದಿಂದ ಹಳೆಯ ನಡವಳಿಗಳನ್ನು ಯೂನಿಕೋಡಿಗೆ ತಿರುಗಿಸುತ್ತಿದ್ದಾರೆ. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆಯಾದ್ದರಿಂದ ಒಬ್ಬರು ಓದಿ ಇನ್ನೊಬ್ಬರು ತಿದ್ದುತ್ತಾರೆ. ಒಂದು ಠರಾವಿನಲ್ಲಿ "ವರ್ಗಾಯಿಸಲಾಗಿದೆ" ಎಂಬುದು ಹೇಗೆ ಹೇಗೋ ಆಗಿತ್ತು. ಆಸ್ತಿಯ ಮಾತಿನಲ್ಲಿ ಒಂದು ಅಕ್ಷರ ತಪ್ಪಿದರೂ ಕೋರ್ಟು ಕಚೇರಿ ಎಂದರು ಅಲ್ಲಿನ ಗುಮಾಸ್ತರು. ನಿಜ.

ಊರಿಗೆ ಬಂದು ಮೊದಲು ಮಾಡಿದ ಕೆಲಸ ಆ ತಾಯಿಗೆ ಚುಕ್ತಾ ಪತ್ರ ಕೊಟ್ಟದ್ದು. ಸಾಲದ ಸಾಲನ್ನೂ, ವಸೂಲಿಯ ಕಡತದಲ್ಲಿ ಅದೇ ದಿನಾಂಕದ ರಶೀತಿಯ ಸಂಖ್ಯೆಯನ್ನೂ ತಾಳೆ ನೋಡಿ, ಆಡಳಿತ ಮಂಡಳಿಯ ಮುಂದಿಟ್ಟು ಕೊಟ್ಟೆವು. ಅವರು ಮೊದಲು ಬಂದ ದಿನದಿಂದ ಲೆಕ್ಕ ಹಾಕಿದರೆ ಮೂರು ತಿಂಗಳು ದಾಟಿತ್ತು. ಅಷ್ಟು ದಿನ ಅವರಿಗೆ ಸಾಲ ಸಿಗಲಿಲ್ಲ, ಗೊಬ್ಬರ ಕೈಗಡದಲ್ಲಿ ಬಂತು. "ಪುಸ್ತಕದಲ್ಲಿ ಇದ್ದೇ ಇತ್ತಲ್ಲ, ಅಷ್ಟು ಸಾಕು" ಎಂದರು. ಅವರು ದೊಡ್ಡ ಮನಸ್ಸಿನಿಂದ ಹೇಳಿದರು. ನಾವು ಅದನ್ನು ಕ್ಷಮೆಯೆಂದು ತಿಳಿದು ಸುಮ್ಮನಿರಬಾರದು.

ನಮ್ಮ ಅಭಿಪ್ರಾಯ ಇಷ್ಟೆ. ಹಳೆಯ ಪ್ರೋಗ್ರಾಮನ್ನು ಹೊಸ ಯಂತ್ರದಲ್ಲಿ ನಡೆಸಲು ಬರುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಪ್ರೋಗ್ರಾಮು ಇಲ್ಲದೆಯೂ ನಮ್ಮ ಲೆಕ್ಕವನ್ನು ಓದಲು ಬರುತ್ತದೆಯೇ ಎಂಬುದು ಮೊದಲನೆಯದು. ಕಣಜದ ಅಡಿಕೆ ನಮ್ಮದಾಗಿ ಬೀಗದ ಕೈ ಇನ್ನೊಬ್ಬರಲ್ಲಿದ್ದರೆ, ಧಾರಣೆ ಬಂದ ದಿನ ನಾವು ಅವರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಹಳೆಯದೆಲ್ಲ ಕೆಟ್ಟದ್ದು, ಹೊಸದನ್ನು ಕೊಂಡರೆ ಸಾಕು ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಆ ಹಳೆಯ ಪ್ರೋಗ್ರಾಮಿನ ಕಡತವನ್ನು ಇಂದಿಗೂ ಯಾವ ಸಾಮಾನ್ಯ ತಂತ್ರಾಂಶದಲ್ಲಾದರೂ ತೆರೆಯಬಹುದಾಗಿತ್ತು. ಅದರಿಂದ ಬದುಕಿದೆವು. ಇಂದು ಪೇಟೆಯಲ್ಲಿ ಸಿಗುವ ಕೆಲವು ಹೊಸ ತಂತ್ರಾಂಶಗಳಲ್ಲಿ ಲೆಕ್ಕ ನಮ್ಮ ಕಚೇರಿಯಲ್ಲಿ ಇರುವುದೇ ಇಲ್ಲ, ದೂರದ ಯಾವುದೋ ಯಂತ್ರದಲ್ಲಿರುತ್ತದೆ. ವರ್ಷದ ಬಾಡಿಗೆ ನಿಂತ ದಿನ ಲೆಕ್ಕವೂ ಮುಚ್ಚಿದರೆ? ಕಂಪನಿಯೇ ಮುಚ್ಚಿದರೆ? ಅಂದು ಹುಡುಕಿಕೊಂಡು ಹೋಗಲು ಬಳ್ಳಾರಿಯ ಗೃಹಸ್ಥರಾಗಲಿ ಅವರ ನೋಟ್‌ಬುಕ್ಕಾಗಲಿ ಇರಲಾರರು.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೆಲ್ಲ ಒಂದೇ ತಂತ್ರಾಂಶದಡಿ ತರುವ ಯೋಜನೆಗೆ ಕೇಂದ್ರ ಸರಕಾರ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಆಗಿನ ಲೆಕ್ಕದಲ್ಲಿ 63,000 ಸಂಘಗಳು, 2,516 ಕೋಟಿ ರೂಪಾಯಿ. ಒಳ್ಳೆಯ ಕೆಲಸವೇ. ಆದರೆ ಯಾವ ಯೋಜನೆಯಲ್ಲೂ ಹಳೆಯ ಲೆಕ್ಕ ಹೊಸದಕ್ಕೆ ಏರುವ ಘಳಿಗೆಯೇ ಅಪಾಯದ ಘಳಿಗೆ. ಚುಕ್ತಾ ಎಂಬ 9 ಬಾಕಿಯ 9 ಆಗುವುದು ಅಲ್ಲಿಯೇ. ಏರಿಸುವವರು ಹೊರಗಿನ ಹುಡುಗರು, ಅವರಿಗೆ ನಮ್ಮ ಗುರುತುಗಳು ತಿಳಿಯವು. ತಾಳೆ ನೋಡುವ ಹೊಣೆ ಸಂಘದ್ದು, ಸದಸ್ಯರದು.

ಆದ್ದರಿಂದ ನಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಈ ಸಂಗತಿಗಳನ್ನು ಠರಾವಿನ ರೂಪದಲ್ಲಿ ಮಂಡಿಸಲಿದ್ದೇವೆ. ಬೇರೆ ಸಂಘಗಳವರೂ ಯೋಚಿಸಬಹುದು.

ಒಂದು: ವರ್ಷಕ್ಕೊಮ್ಮೆ, ಲೆಕ್ಕ ಮುಗಿದೊಡನೆ, ಎಲ್ಲ ಖಾತೆಗಳನ್ನೂ ಯಾವ ಯಂತ್ರವೂ ಓದಬಲ್ಲ ಸರಳ ಪಟ್ಟಿಯ ರೂಪದಲ್ಲಿ ತೆಗೆದಿಡಬೇಕು. ಒಂದು ಪ್ರತಿ ಮುದ್ರಿಸಿ ರಟ್ಟು ಕಟ್ಟಿಸಬೇಕು. ಕಾಗದಕ್ಕೆ ವಿಂಡೋಸ್ ಬೇಕಿಲ್ಲ.

ಎರಡು: ಸಂಖ್ಯೆ, ಗುರುತು, ಮೊಟಕು ಅಕ್ಷರಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಅದೇ ರಟ್ಟಿನೊಳಗೆ ಮೊದಲ ಪುಟವಾಗಿ ಸೇರಿಸಬೇಕು.

ಮೂರು: ಪ್ರತಿ ತೆಗೆಯುವಾಗ ಒಂದೆರಡು ಕಡತವಲ್ಲ, ಇಡೀ ಫೋಲ್ಡರನ್ನೇ ತೆಗೆಯಬೇಕು. ಫಾಕ್ಸ್‌ಪ್ರೊದಲ್ಲಿ ಉದ್ದನೆಯ ಷರಾಗಳು ಬೇರೆಯೇ ಕಡತದಲ್ಲಿರುತ್ತವೆ, ಅದು ಬಿಟ್ಟುಹೋದರೆ ಷರಾ ಹೋದಂತೆ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಸಂಘದ ಕಟ್ಟಡದ ಹೊರಗಿರಲಿ. ಸಿಡಿಲು ಒಂದೇ ಕಟ್ಟಡಕ್ಕೆ ಬಡಿಯುತ್ತದೆ.

ನಾಲ್ಕು: ಹಳೆಯ ಪ್ರೋಗ್ರಾಮನ್ನು ಸ್ವಲ್ಪ ಕಾಲ ನಡೆಸಲೇಬೇಕಾದರೆ ಬೇಲಿ ಹಾಕಿ ನಡೆಸಬೇಕು. ಡಾಸ್ ಕಾಲದ್ದಾದರೆ ಡಾಸ್‌ಬಾಕ್ಸಿನಂಥದರೊಳಗೆ, ಎಕ್ಸ್‌ಪಿ ಕಾಲದ್ದಾದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರು ಎನ್ನುವ ವರ್ಚುವಲ್ ಯಂತ್ರದೊಳಗೆ, ಇಂಟರ್‌ನೆಟ್ಟಿನ ಸಂಪರ್ಕವಿಲ್ಲದೆ. ಮೊದಲು ಪ್ರತಿಯ ಮೇಲೆ ಪ್ರಯೋಗ, ಮೂಲವನ್ನು ಮುಟ್ಟಬಾರದು. ಎಂದಿಗೆ ನಿಲ್ಲಿಸುತ್ತೇವೆ ಎಂಬ ದಿನಾಂಕವನ್ನೂ ಅಂದೇ ಬರೆದಿಡಬೇಕು.

ಐದು: ಹೊಸ ತಂತ್ರಾಂಶ ಕೊಳ್ಳುವಾಗ, ನಮ್ಮ ಲೆಕ್ಕವನ್ನೆಲ್ಲ ನಾವು ಕೇಳಿದ ದಿನ ಸರಳ ರೂಪದಲ್ಲಿ ಹಿಂದಕ್ಕೆ ಕೊಡತಕ್ಕದ್ದು ಎಂಬ ಕರಾರು ಕಾಗದದಲ್ಲಿ ಇರಬೇಕು. ಹಣ ಕೊಡುವ ಮೊದಲೇ ಒಮ್ಮೆ ತೆಗೆದು ತೋರಿಸಬೇಕು. ಬಾಯಿಮಾತು ಸಾಲದು.

ಮನೆಯಲ್ಲಿ ಸ್ವಂತ ತೋಟದ ಲೆಕ್ಕ ಇಡುವ ಬಾಂಧವರಿಗೂ ಇದೇ ಮಾತು. ಮಗ ಬೆಂಗಳೂರಿಗೆ ಹೋಗುವ ಮುನ್ನ ಹಾಕಿಕೊಟ್ಟ ಲೆಕ್ಕದ ಪ್ರೋಗ್ರಾಮು, ನುಡಿಯಲ್ಲಿ ಟೈಪು ಮಾಡಿದ ಪಾಲುಪಟ್ಟಿ, ಹಳೆಯ ಸಿಡಿಯಲ್ಲಿರುವ ಸರ್ವೆ ನಕ್ಷೆ, ಇವನ್ನೆಲ್ಲ ಈ ಬೇಸಿಗೆಯಲ್ಲಿ ಒಮ್ಮೆ ತೆರೆದು ನೋಡಿ. ತೆರೆದರೆ ಸರಳ ರೂಪಕ್ಕೆ ತಿರುಗಿಸಿಡಿ, ಮುದ್ರಿಸಿಡಿ. ತೆರೆಯದಿದ್ದರೆ ಅಳಿಸಬೇಡಿ, ತಿಳಿದವರಿಗೆ ತೋರಿಸಿ. ಸರಕಾರವೇ ಇಂದು ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಭೂ ಸುರಕ್ಷಾ ಎಂಬ ಹೆಸರಿನಲ್ಲಿ ಸ್ಕ್ಯಾನು ಮಾಡಿಸುತ್ತಿದೆ. ಕೈಬರಹದ ಆ ಪುಸ್ತಕಗಳನ್ನು ಇಂದಿಗೂ ಓದಲು ಬರುತ್ತಿದೆ, ಅದರಿಂದ ಸ್ಕ್ಯಾನು ಮಾಡಿ ಪ್ರಯೋಜನವಿದೆ. ನಮ್ಮ ಕಂಪ್ಯೂಟರಿನ ಪುಸ್ತಕಗಳಿಗೂ ಅಷ್ಟು ಆಯುಷ್ಯ ಬರಬೇಕು.

ಖರ್ಚಿನ ಮಾತು ಬರುತ್ತದೆ, ಬರಬೇಕಾದ್ದೇ. ಮೇಲೆ ಹೇಳಿದ ಐದರಲ್ಲಿ ನಾಲ್ಕಕ್ಕೆ ಕಾಗದ, ಪೆನ್ ಡ್ರೈವು, ನಾಲ್ಕು ದಿನದ ಕೆಲಸ ಬಿಟ್ಟರೆ ಬೇರೆ ಖರ್ಚಿಲ್ಲ. ಐದನೆಯದಕ್ಕೆ ಒಂದು ಗಟ್ಟಿ ಮಾತು ಸಾಕು.

ಬಳ್ಳಾರಿಯ ಗೃಹಸ್ಥರು ಹೊರಡುವಾಗ ಆ ನೋಟ್‌ಬುಕ್ಕನ್ನು ನಮ್ಮ ಕೈಗೇ ಕೊಟ್ಟರು. "ಇದು ನನ್ನ ಹತ್ರ ಇರಬೇಕಾದ್ದಲ್ರಿ ಸಾರ್, ನಿಮ್ಮ ಸಂಘದಾಗ ಇರಬೇಕಾದ್ದು" ಎಂದರು. ಅದೀಗ ಸಂಘದ ತಿಜೋರಿಯಲ್ಲಿದೆ, ಅದರ ನಕಲು ಕಚೇರಿಯ ಮೇಜಿನ ಮೇಲಿದೆ. 1999ರಿಂದ 2009ರವರೆಗಿನ ಖಾತೆಗಳ ಮುದ್ರಣವೂ ಮುಗಿದಿದೆ. ಆ ಕಾಲದ ಸಾಲ, ಷೇರು, ಠೇವಣಿ ಇರುವ ಸದಸ್ಯರು ಕಚೇರಿ ವೇಳೆಯಲ್ಲಿ ಬಂದು ತಮ್ಮ ಪುಟವನ್ನು ನೋಡಿ, ತಪ್ಪಿದ್ದರೆ ತಿಳಿಸಿ, ಸರಿಯಿದ್ದರೆ ರುಜು ಹಾಕಿ ಹೋಗಬೇಕೆಂದು ಕೋರುತ್ತೇವೆ.